ಐವತ್ತು ಕೆಬಿ ಒಳಗೆ ಮಾಡ್ಕೊಡಿ

ಬೆಳಗೊಳ ಒಂದು ಕಾಲಕ್ಕೆ ಕಾಗದ ಮಾಡುತ್ತಿದ್ದ ಊರು. ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ಬಾಗಿಲು ಹಾಕಿ ವರ್ಷಗಳೇ ಆದವು. ಮೈಸೂರಿನಿಂದ ಕನ್ನಂಬಾಡಿ ಕಟ್ಟೆ ನೋಡಲು ಹೋಗುವವರ ಕಣ್ಣಿಗೆ ಈಗ ಇದು ದಾರಿಯಲ್ಲಿ ಸಿಗುವ ಇನ್ನೊಂದು ಊರು, ಅಷ್ಟೆ. ಊರಿನೊಳಗೆ ಹತ್ತಡಿ ಅಗಲದ ಒಂದು ಮಳಿಗೆಯಿದೆ. ಜೆರಾಕ್ಸ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಸೈಜ್ ಫೋಟೋ, ಆನ್‌ಲೈನ್ ಅರ್ಜಿ. ಅದನ್ನು ನಡೆಸುವ ಅಕ್ಕನಿಗೆ ದಿನಕ್ಕೆ ಏನಿಲ್ಲವೆಂದರೂ ಇಪ್ಪತ್ತು ಸಲ ಕೇಳಿಬರುವ ಮಾತು ಒಂದೇ: "ಅಕ್ಕ, ಇದೊಂದ್ ಫೋಟೋ ಐವತ್ತು ಕೆಬಿ ಒಳಗೆ ಮಾಡ್ಕೊಡಿ."

ನಾನು ಸಾಫ್ಟ್‌ವೇರ್ ಕೆಲಸದವನು. ಅಕ್ಕ ಪ್ರತಿ ಫೋಟೋವನ್ನೂ ಯಾವುದೋ ವೆಬ್‌ಸೈಟಿಗೆ ಹಾಕಿ, ಅದು ಕುಗ್ಗಿಸಿ ಕೊಟ್ಟಿದ್ದನ್ನು ಇಳಿಸಿಕೊಂಡು, ಸೈಜ್ ನೋಡಿ, ಸಾಲದಾದರೆ ಮತ್ತೆ ಹಾಕುವುದನ್ನು ನೋಡಿ ತಡೆಯಲಾಗಲಿಲ್ಲ. ಕರೆಂಟ್ ಇದ್ದಾಗ ನೆಟ್ ಇರುವುದಿಲ್ಲ. ಎರಡೂ ಇದ್ದಾಗ ಜನ ಸಾಲು ನಿಂತಿರುತ್ತಾರೆ. ಒಂದು ಭಾನುವಾರ ಕೂತು ಅವರ ಕಂಪ್ಯೂಟರಿನಲ್ಲೇ ಒಂದು ಸಣ್ಣ ಪ್ರೋಗ್ರಾಮು ಬರೆದುಕೊಟ್ಟೆ. ಬಟನ್ನು, ಬಣ್ಣ, ಕಿಟಕಿ ಏನೂ ಇಲ್ಲ. ಕಪ್ಪು ಪರದೆ ತೆರೆದು, ಕುಗ್ಗು ಎಂದು ಟೈಪ್ ಮಾಡಿ, ಫೋಟೋದ ಹೆಸರು ಕೊಟ್ಟು ಎಂಟರ್ ಒತ್ತಿದರೆ ಮುಗಿಯಿತು. ಒಳಗೆ ನಡೆಯುವ ನಿಜವಾದ ಕೆಲಸ ನನ್ನದಲ್ಲ. 1990ರಿಂದ ಜಗತ್ತು ಬಳಸುತ್ತಿರುವ ಇಮೇಜ್‌ಮ್ಯಾಜಿಕ್, 1996ರ ಸುಮಾರಿಗೆ ಹುಟ್ಟಿದ ಜೆಪೆಗ್‌ಆಪ್ಟಿಮ್, ಇಂಥ ಉಚಿತ ಸಾಧನಗಳ ಮೇಲೆ ನಾನು ಹಾಕಿದ್ದು ಒಂದು ಹೊದಿಕೆ ಮಾತ್ರ.

ಬರೆದುಕೊಟ್ಟಾಗ ಒಂದು ಮಾತು ಹೇಳಿದ್ದೆ: ಏನಾದರೂ ಬೇಕೆನಿಸಿದರೆ ಬರೆದಿಡಿ ಅಕ್ಕ, ಬಂದಾಗ ನೋಡುತ್ತೇನೆ. ನಮ್ಮ ಕಸುಬಿನಲ್ಲಿ ಇದಕ್ಕೆ ಫೀಚರ್ ರಿಕ್ವೆಸ್ಟ್ ಎನ್ನುತ್ತಾರೆ. ದೊಡ್ಡ ಕಂಪನಿಗಳಲ್ಲಿ ಇದನ್ನು ದಾಖಲಿಸಲೆಂದೇ ಬೇರೆ ಸಾಫ್ಟ್‌ವೇರ್ ಇರುತ್ತದೆ. ಅಕ್ಕ ಬರೆದದ್ದು ಅಂಗಡಿಯ ಸಾಲದ ಪುಸ್ತಕದ ಕೊನೆಯ ಹಾಳೆಗಳಲ್ಲಿ. ಮುಂದಿನಿಂದ ತೆರೆದರೆ ಯಾರು ಎಷ್ಟು ಕೊಡಬೇಕು. ಹಿಂದಿನಿಂದ ತೆರೆದರೆ ನಾನು ಏನೇನು ಮಾಡಿಕೊಡಬೇಕು.

ಮೊದಲ ಸಾಲು: "50 ಒಳಗೆ ಅಂದ್ರೆ 50 ಒಳಗೇ ಬರ್ಬೇಕು."

ನನ್ನ ಮೊದಲ ಪ್ರೋಗ್ರಾಮು ಫೋಟೋವನ್ನು ಅರ್ಜಿ ಕೇಳಿದ ಅಳತೆಗೆ ತಂದು, ಗುಣಮಟ್ಟ 75ಕ್ಕೆ ಇಳಿಸುತ್ತಿತ್ತು. ಜೆಪೆಗ್ ಸಾಧನಗಳಲ್ಲಿ ಗುಣಮಟ್ಟಕ್ಕೆ 1ರಿಂದ 100ರವರೆಗೆ ಒಂದು ಸಂಖ್ಯೆ ಕೊಡುವುದು ರೂಢಿ. ಆದರೆ 75 ಎಂದರೆ ಎಷ್ಟು ಕೆಬಿ ಎಂದು ಯಾರೂ ಹೇಳಲಾರರು. ಮಂಡ್ಯ ಜಿಲ್ಲೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಮಳೆಗಾಲ ಬಂತೆಂದರೆ ನಾವೆಲ್ಲ ಪೇಪರಿನಲ್ಲಿ ಮೊದಲು ನೋಡುವುದು ಕಟ್ಟೆಯ ಮಟ್ಟ. ತುಂಬಿದರೆ 124.80 ಅಡಿ, ನೀರು 49.45 ಟಿಎಂಸಿ. ಅರ್ಧ ಮಟ್ಟಕ್ಕೆ ಅರ್ಧ ನೀರು ಎಂದು ಯಾವ ರೈತನೂ ಲೆಕ್ಕ ಹಾಕುವುದಿಲ್ಲ. ಕೆಳಗಿನ ಒಂದು ಅಡಿಯಲ್ಲಿ ಇರುವ ನೀರೇ ಬೇರೆ, ಹಿನ್ನೀರು ಹರಡಿಕೊಂಡ ಮೇಲೆ ಮೇಲಿನ ಒಂದು ಅಡಿಯಲ್ಲಿ ನಿಲ್ಲುವ ನೀರೇ ಬೇರೆ. ಫೋಟೋದ ಗುಣಮಟ್ಟವೂ ಹಾಗೇ. 60ರಿಂದ 70ಕ್ಕೆ ಏರಿಸಿದರೆ ಫೈಲು ಸ್ವಲ್ಪ ಉಬ್ಬುತ್ತದೆ. 90ರಿಂದ 100ಕ್ಕೆ ಏರಿಸಿದರೆ ಒಮ್ಮೆಲೇ ಹಿಗ್ಗಿಬಿಡುತ್ತದೆ. ಅಷ್ಟೇ ಅಲ್ಲ, ಒಂದೊಂದು ಫೋಟೋ ಒಂದೊಂದು ಕಣಿವೆ. ಒಂದೇ ಅಳತೆ, ಒಂದೇ 75, ಆದರೂ ಒಂದು 31 ಕೆಬಿ, ಇನ್ನೊಂದು 58.

ಹಾಗಾಗಿ 50ರ ಒಳಗೆ ತರಲು ಇರುವ ದಾರಿ ಸಂತೆಯ ಚೌಕಾಸಿಯದು. ಮೊದಲು 50ರ ಗುಣಮಟ್ಟಕ್ಕೆ ಕುಗ್ಗಿಸಿ ನೋಡು. ಇನ್ನೂ ಜಾಗ ಮಿಕ್ಕಿದೆಯಾ? 75ಕ್ಕೆ ಹೋಗು. ಜಾಸ್ತಿ ಆಯಿತಾ? 62ಕ್ಕೆ ಇಳಿ. ಪ್ರತಿ ಸಲ ಉಳಿದ ಅಂತರವನ್ನು ಅರ್ಧ ಮಾಡುತ್ತ ಹೋದರೆ ನೂರು ಮೆಟ್ಟಿಲಲ್ಲಿ ಸರಿಯಾದ ಮೆಟ್ಟಿಲು ಏಳು ಪ್ರಯತ್ನದೊಳಗೆ ಸಿಗುತ್ತದೆ. ಇಮೇಜ್‌ಮ್ಯಾಜಿಕ್‌ನಲ್ಲಿ ಈ ಸೌಲಭ್ಯ ಮೊದಲೇ ಇದೆ, ಜೆಪೆಗ್‌ಆಪ್ಟಿಮ್‌ನಲ್ಲೂ ಇದೆ. ಎಲ್ಲೋ ಯಾರೋ ನಮ್ಮಕ್ಕನ ಹಾಗೇ ಕೇಳಿದ್ದರಿಂದಲೇ ಬಂದಿರಬೇಕು.

ಐವತ್ತು ಎಂದರೆ ಎಷ್ಟು ಎನ್ನುವುದೇ ಇನ್ನೊಂದು ತಕರಾರು. ಕೆಲವರ ಲೆಕ್ಕದಲ್ಲಿ ಕೆಬಿ ಎಂದರೆ 1000 ಬೈಟು, ಕೆಲವರ ಲೆಕ್ಕದಲ್ಲಿ 1024. ಒಬ್ಬರಿಗೆ ಐವತ್ತು ಕೆಬಿ 50,000, ಇನ್ನೊಬ್ಬರಿಗೆ 51,200. ಒಬ್ಬ ಹುಡುಗಿಯ ಫೋಟೋ ನಮ್ಮ ಕಂಪ್ಯೂಟರಿನಲ್ಲಿ 49.6 ಕೆಬಿ ಎಂದು ತೋರಿಸಿ, ಅರ್ಜಿ ಹಾಕುವಲ್ಲಿ ಮಾತ್ರ ಹೆಚ್ಚಾಯಿತೆಂದು ವಾಪಸು ಬಂತು. ಕೊನೆಯ ದಿನ, ರಾತ್ರಿ ಹನ್ನೊಂದು ಗಂಟೆ. ಅಂದಿನಿಂದ ನಮ್ಮ ಕುಗ್ಗು 49,000 ಬೈಟಿಗೇ ನಿಲ್ಲುತ್ತದೆ. ತೂಕ ಹಾಕುವಾಗ ತಕ್ಕಡಿ ಸ್ವಲ್ಪ ನಮ್ಮ ಕಡೆಗೇ ವಾಲಲಿ ಎಂಬ ಅಂಗಡಿಬುದ್ಧಿ.

ಎರಡನೆಯದು ಕೋರಿಕೆಯಲ್ಲ, ಪ್ರಶ್ನೆ. "ಜರಿ ಸೀರೆ ಉಟ್ಕೊಂಡು ಬಂದವ್ರ ಫೋಟೋ ಯಾಕೆ ಜಾಸ್ತಿ ತೂಗ್ತದೆ?"

ಓದಿ ನಕ್ಕೆ, ಆಮೇಲೆ ನಗು ನಿಂತಿತು. ಚಿತ್ರ ಕುಗ್ಗಿಸುವ ವಿದ್ಯೆಯ ತಿರುಳೇ ಆ ಪ್ರಶ್ನೆಯಲ್ಲಿತ್ತು. ಇದಕ್ಕೆ ಉತ್ತರ ಹೇಳಬೇಕಾದರೆ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬರ ಹೆಸರು ಹೇಳಬೇಕು: ನಾಸಿರ್ ಅಹ್ಮದ್. ಹುಟ್ಟಿದ್ದು 1940ರಲ್ಲಿ. ಓದಿದ್ದು ಬೆಂಗಳೂರಿನ ಕೆ.ಆರ್. ವೃತ್ತದ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಈಗ ನಾವು ಯುವಿಸಿಇ ಎನ್ನುವ ಕಾಲೇಜು. 1917ರಲ್ಲಿ ಅದನ್ನು ಆರಂಭಿಸಿದವರು ನಮ್ಮ ಕಟ್ಟೆ ಕಟ್ಟಿಸಿದ ವಿಶ್ವೇಶ್ವರಯ್ಯನವರೇ. 1961ರಲ್ಲಿ ಎಲೆಕ್ಟ್ರಿಕಲ್ ಪದವಿ ಮುಗಿಸಿದ ಅಹ್ಮದ್ ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಪಿಎಚ್‌ಡಿ ಪಡೆದು, ಕನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದರು. 1972ರಲ್ಲಿ ಒಂದು ಹೊಸ ಗಣಿತ ವಿಧಾನದ ಮೇಲೆ ಕೆಲಸ ಮಾಡಲು ಹಣ ಕೊಡಿ ಎಂದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಪರಿಶೀಲಿಸಿದವರಲ್ಲಿ ಒಬ್ಬರಿಗೆ ಇದು ತೀರಾ ಸರಳ ಎನಿಸಿತಂತೆ. ಹಾಗೆಂದು ಅಹ್ಮದ್ ಅವರೇ ಮುಂದೆ ಬರೆದುಕೊಂಡಿದ್ದಾರೆ. ಹಣ ಬರಲಿಲ್ಲವೆಂದು ಅವರು ಬಿಡಲಿಲ್ಲ. ವಿದ್ಯಾರ್ಥಿ ಟಿ. ನಟರಾಜನ್, ಗೆಳೆಯ ಕೆ.ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ನಾಲ್ಕು ಪುಟದ ಪ್ರಬಂಧವೊಂದನ್ನು ಪ್ರಕಟಿಸಿದರು. ಅದರಲ್ಲಿದ್ದ ವಿಧಾನವೇ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚುಟುಕಾಗಿ ಡಿಸಿಟಿ. 1992ರಲ್ಲಿ ಬಂದ ಜೆಪೆಗ್ ಮಾನದಂಡ ನಿಂತಿರುವುದು ಅದರ ಮೇಲೆ. ನಿಮ್ಮ ಫೋನಿನ ಗ್ಯಾಲರಿ, ಮದುವೆ ವಿಡಿಯೋ, ವಾಟ್ಸಾಪಿನಲ್ಲಿ ಬರುವ ಶುಭೋದಯ, ಎಲ್ಲದರ ಹೊಟ್ಟೆಯಲ್ಲೂ ಡಿಸಿಟಿ ಅಥವಾ ಅದರ ಮರಿ ಕೂತಿರುತ್ತದೆ.

ಅದು ಮಾಡುವ ಕೆಲಸ ಇಷ್ಟು. ಚಿತ್ರವನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕಗಳಾಗಿ ಕತ್ತರಿಸಲಾಗುತ್ತದೆ. ಒಂದು ಚೌಕದಲ್ಲಿ 64 ಚುಕ್ಕಿ, ಅಂದರೆ 64 ಸಂಖ್ಯೆ. ಡಿಸಿಟಿ ಆ 64ನ್ನು ಬೇರೆ 64 ಸಂಖ್ಯೆಗಳಾಗಿ ಬದಲಿಸುತ್ತದೆ. ನಾಲೆಯ ನೀರನ್ನು ನೆನೆಸಿಕೊಳ್ಳಿ. ಒಟ್ಟು ನೀರು ಎಷ್ಟು ಎತ್ತರಕ್ಕೆ ನಿಂತಿದೆ ಎನ್ನುವುದು ಒಂದು ಸಂಖ್ಯೆ. ಅದರ ಮೇಲೆ ನಿಧಾನದ ದೊಡ್ಡ ಅಲೆ ಎಷ್ಟು, ಇನ್ನಷ್ಟು ಸಣ್ಣ ಅಲೆ ಎಷ್ಟು, ಗಾಳಿಗೆ ಏಳುವ ನವಿರು ತೆರೆ ಎಷ್ಟು ಎಂದು ಉಳಿದ 63 ಸಂಖ್ಯೆಗಳು. ಫೋಟೋದಲ್ಲಿ ಹಿಂದಿನ ಬಿಳಿ ಪರದೆ ಎಂದರೆ ಅಲುಗಾಡದ ನೀರು. ಮೊದಲ ಸಂಖ್ಯೆ ಒಂದಿದ್ದರೆ ಸಾಕು, ಉಳಿದವೆಲ್ಲ ಹೆಚ್ಚುಕಡಿಮೆ ಸೊನ್ನೆ. ಕೆನ್ನೆ, ಹಣೆ ಕೂಡ ಶಾಂತ. ಜರಿ ಅಂಚು ಹಾಗಲ್ಲ. ಅಲ್ಲಿ ಬಿರುಗಾಳಿ. 64ರಲ್ಲಿ ಮುಕ್ಕಾಲು ಸಂಖ್ಯೆಗಳಿಗೂ ಬೆಲೆಯಿದೆ, ಎಲ್ಲವನ್ನೂ ಬರೆದಿಡಬೇಕು. ಅದಕ್ಕೇ ಸೀರೆ ತೂಗುತ್ತದೆ. ಬಿಳಿ ಷರಟು ತೊಟ್ಟು ತಲೆ ಬೋಳಿಸಿಕೊಂಡು ತಿರುಪತಿಯಿಂದ ಬಂದವರದು ಅಂಗಡಿಯಲ್ಲೇ ಅತಿ ಹಗುರ ಫೋಟೋ.

ಇಲ್ಲಿಯವರೆಗೆ ಏನೂ ಹೋಗಿಲ್ಲ. 64 ಸಂಖ್ಯೆ ಕೊಟ್ಟು 64 ಪಡೆದೆವು. ಬಿಡುವ ಕೆಲಸ ಶುರುವಾಗುವುದು ಆಮೇಲೆ. ಪ್ರತಿ ಸಂಖ್ಯೆಯನ್ನೂ ಒಂದು ಕೋಷ್ಟಕದ ಪ್ರಕಾರ ಭಾಗಿಸಿ, ಹತ್ತಿರದ ಪೂರ್ಣಾಂಕಕ್ಕೆ ಇಳಿಸುತ್ತಾರೆ. 23ನ್ನು 16ರಿಂದ ಭಾಗಿಸಿ 1 ಎಂದು ಬರೆದುಕೊಂಡರೆ, ತೆರೆಯುವಾಗ ಅದು 16 ಆಗಿ ಬರುತ್ತದೆ. ನಡುವಿನ 7 ಹೋಯಿತು. 15ನ್ನು 40ರಿಂದ ಭಾಗಿಸಿದರೆ ಸೊನ್ನೆ, ಪೂರ್ತಿ ಹೋಯಿತು. ಕಣ್ಣು ನವಿರು ತೆರೆಗಳನ್ನು ಅಷ್ಟಾಗಿ ಗಮನಿಸುವುದಿಲ್ಲವಾದ್ದರಿಂದ ಅವುಗಳಿಗೆ ದೊಡ್ಡ ಭಾಜಕ, ನಿಧಾನದ ಅಲೆಗಳಿಗೆ ಸಣ್ಣದು. ಗುಣಮಟ್ಟದ ಸಂಖ್ಯೆ ಹಿಡಿದಿರುವುದು ಈ ಭಾಜಕಗಳ ಜುಟ್ಟನ್ನು. 50 ಎಂದರೆ ಮೂಲ ಕೋಷ್ಟಕ ಇದ್ದ ಹಾಗೇ. 75 ಎಂದರೆ ಎಲ್ಲ ಭಾಜಕಗಳೂ ಅರ್ಧ. 100 ಎಂದರೆ ಎಲ್ಲವೂ 1. ಅಂದರೆ 75 ಎನ್ನುವುದು ಶೇಕಡಾ 75 ಅಂಕವಲ್ಲ. ಈ ಅಳತೆಯನ್ನು ಜಾರಿಗೆ ತಂದದ್ದು 1991ರಲ್ಲಿ ಉಚಿತ ಜೆಪೆಗ್ ಪ್ರೋಗ್ರಾಮು ಹೊರಬಿಟ್ಟ ಒಂದು ಸ್ವಯಂಸೇವಕ ಗುಂಪು. ಉಳಿದವರು ತಮತಮಗೆ ತೋಚಿದ ಅಳತೆ ಇಟ್ಟುಕೊಂಡಿದ್ದಾರೆ. ಫೋಟೋಶಾಪಿನದು 12ಕ್ಕೇ ಮುಗಿಯುತ್ತದೆ.

ಆಲೆಮನೆ ಕಂಡವರಿಗೆ ಇದರಲ್ಲಿ ಹೊಸತೇನಿಲ್ಲ. ಕೊಪ್ಪರಿಗೆ ತುಂಬ ಕಬ್ಬಿನ ಹಾಲು ಹಾಕಿ ಕುದಿಸಿ, ಮೇಲೆ ಬಂದ ಕೊಳೆ ತೆಗೆದು, ಕಡೆಗೆ ಸಿಗುವುದು ಕೆಲವು ಅಚ್ಚು ಬೆಲ್ಲ. ಬೆಲ್ಲಕ್ಕೆ ಎಷ್ಟೇ ನೀರು ಹುಯ್ದರೂ ಪಾನಕವಾಗುತ್ತದೆ, ಕಬ್ಬಿನ ಹಾಲಾಗುವುದಿಲ್ಲ.

ಇದು ಗೊತ್ತಿದ್ದೂ ನಾನು ಮಾಡಿದ ತಪ್ಪು ಪುಸ್ತಕದ ಮೂರನೆಯ ಸಾಲಿನಲ್ಲಿದೆ. ಅಕ್ಕ ಅದನ್ನು ಕೆಂಪು ಶಾಯಿಯಲ್ಲಿ, ಎರಡು ಗೀಟು ಎಳೆದು ಬರೆದಿದ್ದಾರೆ: "ಹಳೇದು ಹೋಗ್ಬಾರ್ದು."

ನನ್ನ ಪ್ರೋಗ್ರಾಮು ಕುಗ್ಗಿಸಿದ ಫೋಟೋವನ್ನು ಮೂಲದ ಜಾಗದಲ್ಲೇ, ಮೂಲದ ಹೆಸರಿನಲ್ಲೇ ಬರೆಯುತ್ತಿತ್ತು. ಫೋಲ್ಡರು ಚೊಕ್ಕಟವಾಗಿರಲಿ ಎಂಬ ನನ್ನ ಜಾಣತನ. ಪಿಂಚಣಿ ಅರ್ಜಿಗೆಂದು ಒಬ್ಬ ಹಿರಿಯರ ಫೋಟೋ ತಂದುಕೊಟ್ಟಿದ್ದರು. ಮೊಮ್ಮಗನ ಮದುವೆಯಲ್ಲಿ ತೆಗೆದದ್ದು. ಪೇಟ, ಶಲ್ಯ, ಮುಖದಲ್ಲಿ ಅಪರೂಪದ ನಗು. ಪೆನ್‌ಡ್ರೈವಿನಲ್ಲಿದ್ದ ಅದನ್ನೇ ಅಕ್ಕ ಕುಗ್ಗಿಸಿದರು, ಅರ್ಜಿ ಹೋಯಿತು. ಎಂಟು ತಿಂಗಳಿಗೆ ಆ ಹಿರಿಯರು ತೀರಿಕೊಂಡರು. ತಿಥಿಗೆ ದೊಡ್ಡದಾಗಿ ಫ್ರೇಮು ಹಾಕಿಸಬೇಕೆಂದು ಮನೆಯವರು ಅದೇ ಪೆನ್‌ಡ್ರೈವ್ ಹಿಡಿದುಕೊಂಡು ಬಂದರು. ಫೋಟೋ ಇತ್ತು, 200 ಚುಕ್ಕಿ ಅಗಲಕ್ಕೆ. ತೆಗೆದವರ ಫೋನು ಅಷ್ಟರಲ್ಲಿ ಕೆಟ್ಟುಹೋಗಿತ್ತು. ಅಂಚೆಚೀಟಿಯಷ್ಟು ಅಗಲದ್ದನ್ನು ಗೋಡೆಗೆ ಹಾಕುವಷ್ಟು ಹಿಗ್ಗಿಸಿದಾಗ ಆ ನಗು ಎಂಟೆಂಟು ಚುಕ್ಕಿಯ ಚೌಕಗಳಾಗಿ ಒಡೆದುಹೋಯಿತು. ಮನೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಕಡೆಗೆ ವೋಟರ್ ಐಡಿ ಮಾಡಿಸುವಾಗ ತೆಗೆಸಿದ್ದ ಬಿಗಿದ ಮುಖದ ಫೋಟೋಕ್ಕೇ ಹಾರ ಬಿತ್ತು.

ಅವತ್ತು ರಾತ್ರಿಯೇ ತಿದ್ದಿದೆ. ಈಗ ಕುಗ್ಗಿದ ಫೈಲು ಬೇರೆ ಫೋಲ್ಡರಿಗೆ ಹೋಗುತ್ತದೆ. ಅದೂ ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಮತ್ತೆ ತೆರೆದು ಪೂರ್ತಿ ಇದೆಯೇ ಎಂದು ನೋಡಿ, ಆಮೇಲೆ ಸರಿಯಾದ ಹೆಸರು ಇಡುತ್ತದೆ. ನಡುವೆ ಕರೆಂಟ್ ಹೋದರೆ ಅರೆಬರೆ ಫೈಲು ಉಳಿಯಬಾರದಲ್ಲ. ಕುಗ್ಗಿದ್ದು ಮೂಲಕ್ಕಿಂತ ದೊಡ್ಡದಾದರೆ (ಹಾಗೂ ಆಗುತ್ತದೆ, ಈಗಾಗಲೇ ವಾಟ್ಸಾಪ್ ಹಿಂಡಿ ಹಿಪ್ಪೆ ಮಾಡಿದ ಫೋಟೋಗಳಲ್ಲಿ) ಮೂಲವನ್ನೇ ನಕಲು ಮಾಡಿಡುತ್ತದೆ. ಇಂಥ ಯಾವ ಸಾಧನ ನೋಡಿದರೂ ಜನ ಕೇಳಿದ ಸೌಲಭ್ಯಗಳ ಪಟ್ಟಿಯಲ್ಲಿ ಇವು ಇದ್ದೇ ಇರುತ್ತವೆ. ಪ್ರತಿಯೊಂದರ ಹಿಂದೆಯೂ ಒಂದೊಂದು ಪೆನ್‌ಡ್ರೈವ್ ಇರಬೇಕು ಎಂದು ಈಗ ನನಗೆ ಅನಿಸುತ್ತದೆ.

ನಾಲ್ಕನೆಯದು: "ಫೋಟೋ ಮಲಗ್ತದೆ." ಫೋನನ್ನು ನಿಲ್ಲಿಸಿ ಹಿಡಿದು ತೆಗೆದರೂ ಒಳಗಿನ ಕ್ಯಾಮೆರಾ ಚಿತ್ರವನ್ನು ಅಡ್ಡಡ್ಡವಾಗಿಯೇ ಉಳಿಸಿ, ಜೊತೆಗೊಂದು ಚೀಟಿ ಇಡುತ್ತದೆ: ತೋರಿಸುವಾಗ ತಿರುಗಿಸಿ ತೋರಿಸು. ಎಕ್ಸಿಫ್ ಎಂಬ ಆ ಚೀಟಿಯಲ್ಲಿ ಫೋಟೋ ತೆಗೆದ ದಿನಾಂಕ, ಫೋನಿನ ಮಾದರಿ, ಬಿಟ್ಟರೆ ಮನೆಯ ಅಕ್ಷಾಂಶ ರೇಖಾಂಶವೂ ಇರುತ್ತದೆ. ಅದೇ ಫೋಟೋದ ಪುಟ್ಟ ಪ್ರತಿಯೊಂದೂ ಸೇರಿ ಚೀಟಿಯೇ ಹತ್ತಿಪ್ಪತ್ತು ಕೆಬಿ ತೂಗುವುದುಂಟು. ಐವತ್ತು ಕೆಬಿ ಚೀಲದಲ್ಲಿ ಚೀಟಿಗೇ ಅಷ್ಟು ಜಾಗ ಕೊಡಲಾದೀತೇ ಎಂದು ನಾನು ಅದನ್ನು ಕಿತ್ತು ಬಿಸಾಡಿದ್ದೆ. ಚೀಟಿ ಹೋದ ಮೇಲೆ ಯಾರಿಗೆ ಗೊತ್ತು ತಿರುಗಿಸಬೇಕೆಂದು? ಊರಿನವರೆಲ್ಲ ಅರ್ಜಿಗಳಲ್ಲಿ ಅಡ್ಡ ಮಲಗಿದರು. ಮೊದಲು ಚುಕ್ಕಿಗಳನ್ನೇ ತಿರುಗಿಸಿ, ಆಮೇಲೆ ಚೀಟಿ ಕೀಳಬೇಕು. ಕ್ರಮ ತಪ್ಪಿತ್ತು, ಅಷ್ಟೆ. ಆದರೆ ಅದನ್ನು ಸರಿಮಾಡಿದ ವಾರವೇ ಐದನೆಯ ಸಾಲು ಬಂತು. ಮದುವೆ ಫೋಟೋಗಳನ್ನು ಸಣ್ಣ ಮಾಡಿಸಿಕೊಂಡ ಒಬ್ಬರು, ಫೋನಿಗೆ ಹಾಕಿಕೊಂಡರೆ ಧಾರೆಗಿಂತ ಮೊದಲು ಬೀಗರ ಊಟ ಬರುತ್ತಿದೆ ಎಂದು ದೂರಿದರು. ದಿನಾಂಕ ಚೀಟಿಯ ಜೊತೆ ಹೋಗಿತ್ತು. ಒಬ್ಬರಿಗೆ ಬೇಡದ್ದು ಇನ್ನೊಬ್ಬರಿಗೆ ಬೇಕು. ಈಗ ಅರ್ಜಿ ಎಂದು ಹೇಳಿದರೆ ಚೀಟಿ ಹೋಗುತ್ತದೆ, ಆಲ್ಬಮ್ ಎಂದರೆ ದಿನಾಂಕ ಉಳಿಯುತ್ತದೆ, ಜಾಗದ ಗುರುತು ಎರಡರಲ್ಲೂ ಇರುವುದಿಲ್ಲ. ಇದೊಂದನ್ನು ನಾನು ಯಾರನ್ನೂ ಕೇಳದೆ ತೀರ್ಮಾನಿಸಿದೆ.

ಆರನೆಯದನ್ನು ನೋಡಿ ನನಗೆ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. "ಸಣ್ಣ ಆಗೋಯ್ತು. ದೊಡ್ಡದ್ ಮಾಡೋದೂ ಬೇಕು."

ಬ್ಯಾಂಕ್ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಅರ್ಜಿಗೆ ಫೋಟೋ 200 ಅಗಲ, 230 ಎತ್ತರದ ಚುಕ್ಕಿಗಳಲ್ಲಿ ಇರಬೇಕು, 20ರಿಂದ 50 ಕೆಬಿ ನಡುವೆ ತೂಗಬೇಕು. ಲೆಕ್ಕ ಹಾಕಿ. 200 ಗುಣಿಸು 230 ಎಂದರೆ 46,000 ಚುಕ್ಕಿ. ಒಂದೊಂದಕ್ಕೂ ಮೂರು ಬೈಟಿನಂತೆ ಏನೂ ಕುಗ್ಗಿಸದಿದ್ದರೆ 1,38,000 ಬೈಟು. ಅಹ್ಮದರ ಡಿಸಿಟಿಗೆ ಇದೊಂದು ತುತ್ತಿಗೂ ಸಾಲದು. ಗುಣಮಟ್ಟ 75ರಲ್ಲಿ ಒಳ್ಳೆಯ ಮುಖವೂ ಹತ್ತು ಕೆಬಿ ಆಸುಪಾಸಿಗೆ ಇಳಿದುಬಿಡುತ್ತದೆ. ಹತ್ತು ಕೆಬಿ ಎಂದರೆ ಇಪ್ಪತ್ತಕ್ಕಿಂತ ಕಡಿಮೆ, ಅರ್ಜಿ ತೆಗೆದುಕೊಳ್ಳುವುದಿಲ್ಲ. ಕುಗ್ಗಿಸುವ ಸಾಧನ ಹಿಗ್ಗಿಸಬೇಕಾದ ಪರಿಸ್ಥಿತಿ. ಮಸುಕು ಫೋಟೋ ಬರದಿರಲಿ ಎಂದು ಕೆಳಮಿತಿ ಇಟ್ಟಿರುತ್ತಾರೆ, ಸರಿಯೇ. ಗುಣಮಟ್ಟ 95ಕ್ಕೆ ಏರಿಸಿದೆ. ಬಣ್ಣದ ಮಾಹಿತಿಯನ್ನು ಜೆಪೆಗ್ ಸಾಮಾನ್ಯವಾಗಿ ಅರ್ಧ ಅಗಲ, ಅರ್ಧ ಎತ್ತರಕ್ಕೆ ಇಳಿಸಿ ಇಡುತ್ತದೆ, ಕಣ್ಣಿಗೆ ಬೆಳಕು ನೆರಳಿನಷ್ಟು ಬಣ್ಣ ಚುರುಕಾಗಿ ಕಾಣುವುದಿಲ್ಲ ಎಂದು. ಆ ಉಳಿತಾಯವನ್ನೂ ನಿಲ್ಲಿಸಿದೆ. ನೀಲಿ ಶಾಯಿಯ ಸಹಿಗಳು ಇದರಿಂದ ಚೊಕ್ಕಟವಾದವು, ಅದು ಬೋನಸ್ಸು. ಇಷ್ಟಾದರೂ ತಿರುಪತಿಯಿಂದ ಬಂದವರು 17 ಕೆಬಿಗೇ ನಿಂತರು. ಜೆಪೆಗ್ ಫೈಲಿನೊಳಗೆ ಟಿಪ್ಪಣಿ ಬರೆಯಲು ಒಂದು ಜಾಗವಿದೆ, 64 ಕೆಬಿವರೆಗೆ ಏನು ಬೇಕಾದರೂ ತುಂಬಬಹುದು. ಅಲ್ಲಿ ನಾಲ್ಕು ಕೆಬಿ ಖಾಲಿ ಜಾಗ ತುಂಬಿದೆ. ಹಾಲಿಗೆ ನೀರು ಬೆರೆಸಿದಂತಾಯಿತೇನೋ ಎಂದು ಒಂದು ದಿನ ಕೊರಗಿದೆ. ಅಕ್ಕ ಕೊರಗಲಿಲ್ಲ. "ಅವ್ರು ಫೋಟೋ ನೋಡಾಕಿಲ್ಲ ಕಣಪ್ಪ, ತೂಕ ನೋಡ್ತಾರೆ. ತೂಕ ಕೊಟ್ಟೀವಿ."

ಉಳಿದವು ಬೇಗ ಮುಗಿಯುವಂಥವು. ಶಾಲೆಯ ಒಂದಿಡೀ ತರಗತಿಯ ಫೋಟೋ ಒಟ್ಟಿಗೆ ಕುಗ್ಗಬೇಕು. ಫೈಲಿನ ಹೆಸರು ಕನ್ನಡದಲ್ಲಿದ್ದರೂ, ನಡುವೆ ಖಾಲಿ ಜಾಗವಿದ್ದರೂ ನಡೆಯಬೇಕು. ಐಫೋನಿನವರು ತರುವ ಹೆಯಿಕ್ ಫೋಟೋ ತೆರೆಯಬೇಕು. ಮಾಡುವ ಮುಂಚೆ ಎಷ್ಟಾಗುತ್ತದೆ ಎಂದು ಬರೀ ಹೇಳಬೇಕು, ಮುಟ್ಟಬಾರದು. ಮಾಡಿದೆ. ನನ್ನ ಸ್ನೇಹಿತನೊಬ್ಬ ವೆಬ್‌ಪಿ, ಎವಿಐಎಫ್ ಎಲ್ಲ ಸೇರಿಸು, ಇನ್ನೂ ಅರ್ಧಕ್ಕೆ ಇಳಿಯುತ್ತದೆ ಎಂದ. ನಿಜ, ಇಳಿಯುತ್ತದೆ. ಆದರೆ ನಮ್ಮಲ್ಲಿಗೆ ಬರುವವರ ಅರ್ಜಿಗಳು ಕೇಳುವುದು ಜೆಪಿಜಿ ಮಾತ್ರ. ಅಂಗಡಿಯಲ್ಲಿ ಯಾರೂ ಕೇಳದ್ದನ್ನು ಸೇರಿಸಲಿಲ್ಲ. ಹಿನ್ನೆಲೆ ಬಿಳಿ ಮಾಡಿಕೊಡು, ಮುಖದ ಕಲೆ ತೆಗೆ ಎಂದು ಎರಡು ಸಾಲು ಇವೆ. ಅವನ್ನು ಒಪ್ಪಲಿಲ್ಲ. ಕಪ್ಪು ಪರದೆಯ ಸಾಧನಗಳನ್ನು ಕಟ್ಟಿದ ಹಳಬರದೊಂದು ಪದ್ಧತಿಯಿದೆ: ಒಂದು ಸಾಧನ ಒಂದು ಕೆಲಸ ಮಾಡಲಿ, ಅದನ್ನು ಚೆನ್ನಾಗಿ ಮಾಡಲಿ. ಫೋಟೋಗೆ ಪೌಡರು ಹಚ್ಚುವುದಕ್ಕೆ ಅಕ್ಕನ ಬಳಿ ಬೇರೆ ಸಾಫ್ಟ್‌ವೇರ್ ಇದೆ.

ನಿಜವಾಗಿ ನನ್ನ ನಿದ್ದೆ ಕೆಡಿಸಿದ್ದು ಪಹಣಿ. ಹಳೇ ಕೈಬರಹದ ಪಹಣಿ, ಕ್ರಯಪತ್ರ, ಹಿಸ್ಸಾ ನಕ್ಷೆಗಳನ್ನು ಸ್ಕ್ಯಾನ್ ಮಾಡಿಸಿಕೊಂಡು ಲಾಯರಿಗೆ ಕಳಿಸಲು ಜನ ಬರುತ್ತಾರೆ. ತಾಲ್ಲೂಕು ಕಚೇರಿಗಳ ಹಳೇ ದಾಖಲೆಗಳನ್ನು ಸರ್ಕಾರವೂ ಭೂ ಸುರಕ್ಷಾ ಎಂಬ ಹೆಸರಿನಲ್ಲಿ ಈಗ ಸ್ಕ್ಯಾನ್ ಮಾಡಿಸುತ್ತಿದೆ. "ಅಕ್ಷರ ಕೆಡ್ಬಾರ್ದು, ಸೈಜೂ ಕಮ್ಮಿ ಆಗ್ಬೇಕು" ಎಂದು ಅಕ್ಕ ಬರೆದಿದ್ದಾರೆ. ಡಿಸಿಟಿಗೆ ಮುಖ ಪ್ರೀತಿ, ಅಕ್ಷರ ಕಷ್ಟ. ಬಿಳಿಯಿಂದ ಕಪ್ಪಿಗೆ ಒಂದೇ ನೆಗೆತ ನೆಗೆಯುವ ಗೆರೆ ಎಂದರೆ 64ರಲ್ಲಿ ಬಹಳಷ್ಟು ಸಂಖ್ಯೆಗಳು ಎದ್ದು ಕೂರುತ್ತವೆ. ನವಿರು ತೆರೆಗಳನ್ನು ಬಿಟ್ಟರೆ ಅಕ್ಷರದ ಸುತ್ತ ಸೊಳ್ಳೆ ಮುತ್ತಿದ ಹಾಗೆ ಬೂದು ಚುಕ್ಕಿ ಏಳುತ್ತವೆ. ಇಂಗ್ಲಿಷಾದರೆ ಹೇಗೋ ಓದಿಕೊಳ್ಳಬಹುದು. ಕನ್ನಡದ ಒತ್ತಕ್ಷರ ಕೆಳಗೆ ಪುಟ್ಟದಾಗಿ ಕೂತಿರುತ್ತದೆ. ಗುಮಾಸ್ತರ ಅವಸರದ ಕೈಬರಹದಲ್ಲಿ ಅದೇ ಒಂದು ಚುಕ್ಕಿ. ಪ ಮತ್ತು ಷ, ಘ ಮತ್ತು ಫ ಇವುಗಳ ನಡುವೆ ಇರುವುದು ಒಂದು ಸಣ್ಣ ಗೆರೆಯ ವ್ಯತ್ಯಾಸ. ಅಂಕಿಗಳ ಮಾತಂತೂ ಬೇಡವೇ ಬೇಡ.

ಬರೀ ಮಸುಕಾದರೆ ಪರವಾಗಿಲ್ಲ. ಮಸುಕಾದದ್ದು ಮಸುಕಾಗಿದೆ ಎಂದಾದರೂ ತಿಳಿಯುತ್ತದೆ. 2013ರ ಆಗಸ್ಟಿನಲ್ಲಿ ಡೇವಿಡ್ ಕ್ರೀಸೆಲ್ ಎಂಬ ಜರ್ಮನಿಯ ಕಂಪ್ಯೂಟರ್ ತಜ್ಞ ತೋರಿಸಿಕೊಟ್ಟದ್ದು ಅದಕ್ಕಿಂತ ಭಯಂಕರ. ಒಂದು ಕಟ್ಟಡದ ನಕ್ಷೆಯನ್ನು ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ, 14.13, 21.11, 17.42 ಚದರ ಮೀಟರಿನ ಮೂರು ಕೋಣೆಗಳೂ 14.13 ಎಂದೇ ಬಂದವು. ಅಚ್ಚುಕಟ್ಟಾಗಿ, ಸ್ಪಷ್ಟವಾಗಿ, ಎಲ್ಲಿಯೂ ಕೆಡದೆ. ಜೆಬಿಗ್2 ಎಂಬ ವಿಧಾನ ಒಂದೇ ಥರ ಕಾಣುವ ಆಕಾರಗಳನ್ನು ಒಮ್ಮೆ ಮಾತ್ರ ಉಳಿಸಿಕೊಂಡು, ಉಳಿದ ಕಡೆ ಅದನ್ನೇ ಅಂಟಿಸುತ್ತದೆ. ಹೋಲುತ್ತದೆ ಎಂದು ಯಂತ್ರಕ್ಕೆ ಅನಿಸಿದರೆ ಸಾಕು, 6 ಇದ್ದಲ್ಲಿ 8 ಬಂದು ಕೂರುತ್ತದೆ. ಕಂಪನಿ ಆಮೇಲೆ ತಿದ್ದುಪಡಿ ಹೊರಡಿಸಿತು. ನಮ್ಮಲ್ಲಿ ನಕಲು ಪ್ರತಿಗೇ ಜೆರಾಕ್ಸ್ ಎನ್ನುತ್ತೇವೆ. ಆ ಪದಕ್ಕಿರುವ ನಂಬಿಕೆ ದೊಡ್ಡದು. ಸರ್ವೆ ನಂಬರ್ 66 ಎಂಬುದು ಅಚ್ಚುಕಟ್ಟಾಗಿ 86 ಆಗಿ ಕೋರ್ಟಿಗೆ ಹೋದರೆ ಅಣ್ಣತಮ್ಮಂದಿರ ವ್ಯಾಜ್ಯ ಎಷ್ಟು ತಲೆಮಾರಿಗೆ ಹೋಗುತ್ತದೆ ಎಂದು ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ದಾಖಲೆ ಎಂದರೆ ಕುಗ್ಗು ಈಗ ಏನನ್ನೂ ಬಿಡುವುದಿಲ್ಲ. ಒಂದು ಬೈಟೂ ಕಳೆಯದ ವಿಧಾನದಲ್ಲಿ, ಪಿಎನ್‌ಜಿ ಆಗಿ, ಬೂದು ಛಾಯೆಗಳನ್ನು ಹದಿನಾರಕ್ಕೆ ಇಳಿಸಿ ಉಳಿಸುತ್ತದೆ. ಛಾಯೆ ಇಳಿಸುವುದೂ ಬಿಡುವುದೇ ಅಲ್ಲವೇ ಎಂದು ಓದುಗರು ಕೇಳಬಹುದು. ಹೌದು, ಆದರೆ ಹಳದಿ ಕಾಗದದ ಛಾಯೆ ಹೋದರೆ ಯಾರ ಗದ್ದೆಯೂ ಹೋಗುವುದಿಲ್ಲ.

ಇಂಥದೇ ಒಂದು ದಾಖಲೆಯ ಸಲುವಾಗಿ ಬಂದ ಒಬ್ಬ ಅಜ್ಜ ಅಕ್ಕನ ಪಕ್ಕದಲ್ಲೇ ನಿಂತು ಪರದೆ ನೋಡುತ್ತಿದ್ದರು. ನಾನೂ ಇದ್ದೆ. ತಮ್ಮ ಕ್ರಯಪತ್ರದ ಫೋಟೋ 3.4 ಎಂಬಿಯಿಂದ 400 ಕೆಬಿಗೆ ಇಳಿದದ್ದನ್ನು ಅಕ್ಕ ತೋರಿಸಿದರು. ಅಜ್ಜ ಕನ್ನಡಕ ಮೇಲೇರಿಸಿ ಕೇಳಿದರು: "ಮಿಕ್ಕಿದ್ದೇನಾಯ್ತು?" ಕಣ್ಣಿಗೆ ಕಾಣದ್ದನ್ನು ತೆಗೆದಿದ್ದೇವೆ ಅಜ್ಜ ಎಂದೆ. "ತೆಗ್ದಿದ್ದೇನು ಅಂತ ಒಂದ್ ಕಡೆ ಬರ್ದಿಡಪ್ಪ. ನಾಳೆ ಯಾರಾರ ಕೇಳುದ್ರೆ ತೋರ್ಸಕ್ಕೆ."

ಅಕ್ಕ ಅದನ್ನೂ ಪುಸ್ತಕಕ್ಕೆ ಏರಿಸಿದರು. ಮನೆಗೆ ಹೋಗಿ ಪ್ರಯತ್ನಪಟ್ಟೆ. ಮೂಲದ ಚುಕ್ಕಿಯಿಂದ ಕುಗ್ಗಿದ ಚುಕ್ಕಿಯನ್ನು ಕಳೆದು, ವ್ಯತ್ಯಾಸವನ್ನು ಮಾತ್ರ ಬೇರೆ ಫೈಲಿಗೆ ಬರೆಯುವುದು. ಎರಡನ್ನೂ ಕೂಡಿಸಿದರೆ ಮೂಲ ಮತ್ತೆ ಸಿಗಬೇಕು. ಸಿಕ್ಕಿತು ಕೂಡ. ವ್ಯತ್ಯಾಸದ ಫೈಲು ತೆರೆದು ನೋಡಿದರೆ ಬರೀ ಬೂದು ಮಂಜು, ಅದರಲ್ಲಿ ಅಲ್ಲಲ್ಲಿ ಅಕ್ಷರಗಳ ದೆವ್ವದಂಥ ಅಂಚು. ಅದರ ತೂಕ ಮೂಲಕ್ಕಿಂತ ಹೆಚ್ಚಿತ್ತು. ಮಂಜನ್ನು ಕುಗ್ಗಿಸುವುದು ಬಹಳ ಕಷ್ಟ. ಅದರಲ್ಲಿ ಎಲ್ಲಿಯೂ ಶಾಂತ ನೀರಿಲ್ಲ.

ಪುಸ್ತಕದಲ್ಲಿ ಆ ಸಾಲಿಗೆ ಅಕ್ಕ ಇನ್ನೂ ಗೀಟು ಹೊಡೆದಿಲ್ಲ. ಮುಂದಿನ ಹಾಳೆಗಳಲ್ಲಿ ಅಜ್ಜನ ಬಾಬ್ತು 30 ರೂಪಾಯಿ ಬಾಕಿ ಎಂದು ಬರೆದಿದೆ. ಬರೆದಿಟ್ಟದ್ದು ತೋರಿಸಿದ ಮೇಲೆ ಕೊಡುತ್ತೇನೆ ಎಂದು ಹೇಳಿ ಹೋಗಿದ್ದಾರಂತೆ.